ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಮಣ್ಣಿನ ಸರಣಿ ನಿರ್ಧರಿಸುವ ಕ್ರಮ: ನಕ್ಷೆ, ಗುಂಡಿ, ಲ್ಯಾಬ್, ಹವಾಮಾನ

ಒಂದೇ ಬಗೆಯ ಪದರ ಮತ್ತು ಗುಣಗಳಿರುವ ಮಣ್ಣನ್ನು ಒಂದು ಗುಂಪಾಗಿ ಹಿಡಿದು ಊರಿನ ಹೆಸರಿಟ್ಟರೆ ಅದು ಮಣ್ಣಿನ ಸರಣಿ. ಅದರ ವಿವರಣೆ ಎಂಬ ಹೆಸರಿನಲ್ಲಿ ಬರುವ ಬಹಳಷ್ಟು ವರದಿಗಳಲ್ಲಿ ಇರುವುದು ಒಂದು ಗುಂಡಿ, ಪ್ರಯೋಗಾಲಯದ ಒಂದು ಕೋಷ್ಟಕ, ಹತ್ತಿರದ ಊರಿನ ಹೆಸರು. ಅಷ್ಟರಿಂದ ಸರಣಿ ಆಗುವುದಿಲ್ಲ. ನಿಮ್ಮ ವಿವರಣೆ ಹಿಡಿದು ಬೇರೊಬ್ಬರು ಮೂರು ಊರು ಆಚೆ ಹೋದರೂ ಅದೇ ಮಣ್ಣನ್ನು ಗುರುತಿಸಬೇಕು, ಬದುವಿನಾಚೆಯ ಬೇರೆ ಮಣ್ಣನ್ನು ಬೇರೆಯೆಂದು ಹೇಳಬೇಕು.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮಾದರಿ ಮೊದಲು ಲ್ಯಾಬಿಗೆ ಹೋಗುತ್ತದೆ, ಅಂಕಿಗಳು ಬರುತ್ತವೆ, ಆಮೇಲೆ ಇಳಿಜಾರು, ಮಳೆ, ಮೂಲಶಿಲೆಗಳನ್ನು ಆ ಅಂಕಿಗಳಿಗೆ ತಕ್ಕಂತೆ ಹೊಂದಿಸಲಾಗುತ್ತದೆ. ಆಗಬೇಕಾದದ್ದು ಇದರ ತಿರುವುಮುರುವು. ಲ್ಯಾಬಿಗೆ ಹೋಗುವ ಪ್ರತಿ ಚೀಲದ ಹಿಂದೆ ಹೊಲದಲ್ಲಿ ಹುಟ್ಟಿದ ಒಂದು ಪ್ರಶ್ನೆ ಇರಬೇಕು. ಪ್ರಶ್ನೆಯಿಲ್ಲದೆ ಬಂದ ಅಂಕಿಯನ್ನು ಯಾರೂ ಪರೀಕ್ಷಿಸುವುದಿಲ್ಲ, ಹಾಗೆಯೇ ನಕಲು ಮಾಡುತ್ತಾರೆ.

ಬೇಕಾಗುವ ಸಾಮಾನು

1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ, ಗ್ರಾಮದ ಸರ್ವೆ ನಕ್ಷೆ, ಭೂವಿಜ್ಞಾನ ನಕ್ಷೆ, ಜಿಪಿಎಸ್. ಇಳಿಜಾರು ಅಳೆಯಲು ಅಬ್ನಿ ಲೆವೆಲ್. ಹಾರೆ, ಪಿಕಾಸಿ, ಗುದ್ದಲಿ, ಸಲಿಕೆ. ಒಣಗಿದ ಎರೆಯಲ್ಲಿ (ಕಪ್ಪು ಜೇಡಿ ಮಣ್ಣಿನಲ್ಲಿ) ಆಗರ್, ಅಂದರೆ ತಿರುಗಿಸಿ ಮಣ್ಣು ಕೊರೆಯುವ ಉಪಕರಣ, ಇಳಿಯುವುದಿಲ್ಲ, ಅದೊಂದನ್ನೇ ನಂಬಿ ಹೋಗಬೇಡಿ. ಮೊಂಡು ಚಾಕು, ಅಳತೆ ಪಟ್ಟಿ, ನೀರಿನ ಸ್ಪ್ರೇ ಬಾಟಲಿ, ಹತ್ತು ಪಟ್ಟು ಹಿಗ್ಗಿಸುವ ಮಸೂರ, ಮಣ್ಣಿನ ಬಣ್ಣ ಹೋಲಿಸಿ ಸಂಕೇತ ಬರೆಯಲು ಮನ್ಸೆಲ್ ಬಣ್ಣದ ಪುಸ್ತಕ, ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದ ಡ್ರಾಪರ್. ಬಟ್ಟೆಯ ಚೀಲಗಳು, ಹೆಂಟೆ ಇಡಲು ಗಟ್ಟಿ ಡಬ್ಬಿಗಳು, ನೀರಿಗೆ ಅಳಿಸದ ಶಾಯಿ.

ಹಂತ 1: ನೆಲದ ಓದು

ಈ ಮೂರು ಜಿಲ್ಲೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಮೂಲವಸ್ತುಗಳಿವೆ. ಬೀದರ್ ಜಿಲ್ಲೆ, ಆಳಂದ, ಕಲಬುರಗಿ ನಗರದ ಸುತ್ತಮುತ್ತ ಲಾವಾ ಹೆಪ್ಪುಗಟ್ಟಿ ಆದ ದಖ್ಖನ್ ಟ್ರಾಪ್‌ನ ಬಸಾಲ್ಟ್ ಶಿಲೆ. ಬೀದರ್, ಹುಮನಾಬಾದ್ ಕಡೆಯ ಎತ್ತರದ ಮಟ್ಟಸ ನೆಲದಲ್ಲಿ ಆ ಬಸಾಲ್ಟ್‌ನ ಮೇಲೆ ಲ್ಯಾಟರೈಟ್ (ಜಂಬಿಟ್ಟಿಗೆ) ಹೊದಿಕೆ. ಬೀದರ್ ಕೋಟೆಯ ಕಲ್ಲು ಅದೇ. ಶಹಾಬಾದ್, ಚಿತ್ತಾಪುರ, ಸೇಡಂ ಪಟ್ಟಿಯಲ್ಲಿ ಭೀಮಾ ಸಮೂಹ ಎಂಬ ಶಿಲಾಪದರಗಳ ಸುಣ್ಣಕಲ್ಲು, ಅಂದರೆ ಮನೆಗಳಿಗೆ ಹಾಸುವ ಪರ್ಸಿ. ಯಾದಗಿರಿ, ಸುರಪುರ ಕಡೆಗೆ ಗ್ರಾನೈಟ್ ಮತ್ತು ನೈಸ್.

ಈ ನಾಲ್ಕರಲ್ಲಿ ಮೂರರ ಮೇಲೆ ಕಪ್ಪು ಮಣ್ಣು ಸಿಗುತ್ತದೆ. ಕಪ್ಪಾಗಿ ಕಂಡದ್ದೆಲ್ಲ ಒಂದೇ ಸರಣಿ ಎಂದು ಬರೆದರೆ ಕೆಲಸ ಇಲ್ಲಿಗೇ ಕೆಟ್ಟಿತು.

ನಕ್ಷೆಯ ಮೇಲೆ ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗೆ ಒಂದು ಗೆರೆ ಎಳೆಯಿರಿ, ಆಮೇಲೆ ಆ ಗೆರೆಯ ಮೇಲೆ ನಡೆಯಿರಿ. ಟ್ರಾಪ್ ಸೀಮೆಯಲ್ಲಿ ನೆತ್ತಿಯ ಮಡ್ಡಿ ಭೂಮಿಯಲ್ಲಿ ಗರಸು ಬೆರೆತ ತೆಳು ಮಣ್ಣು, ಇಳಿಜಾರಿನ ನಡುವೆ ಮಧ್ಯಮ ಆಳ, ಹಳ್ಳದ ಬದಿಯಲ್ಲಿ ಆಳವಾದ ಎರೆ. ಇದು ಸಾಮಾನ್ಯ ಸಾಲು. ಬೀದರ್‌ನ ಲ್ಯಾಟರೈಟ್ ನೆಲದಲ್ಲಿ ಮೇಲೆ ಕೆಂಪು, ಅಂಚು ಇಳಿದ ಮೇಲೆ ಕಪ್ಪು. ಯಾದಗಿರಿಯ ಗ್ರಾನೈಟ್ ಗುಡ್ಡಗಳ ಬುಡದಲ್ಲಿ ಮಸಾರಿ (ಕೆಂಪು ಮಣ್ಣು), ಭೀಮಾ ಮತ್ತು ಕೃಷ್ಣೆಯ ಕಡೆಗೆ ತಗ್ಗಿದಂತೆ ಎರೆ. ನಿಮ್ಮ ಗೆರೆ ಈ ಸಾಲಿಗೆ ಹೊಂದದಿದ್ದರೆ ಸಂತೋಷಪಡಿ. ಅಲ್ಲಿ ಗುಂಡಿ ತೋಡುವುದಕ್ಕೆ ಒಳ್ಳೆಯ ಕಾರಣ ಸಿಕ್ಕಿದೆ.

ಇಳಿಜಾರನ್ನು ಉಪಗ್ರಹದ ಎತ್ತರ ದತ್ತಾಂಶದಿಂದ ಮಾತ್ರ ತೆಗೆದುಕೊಳ್ಳಬೇಡಿ. 30 ಮೀಟರ್ ಜಾಲದ ದತ್ತಾಂಶ ಗುಡ್ಡಕ್ಕೆ ಸಾಕು. ನಮ್ಮ ಬಯಲಿನಲ್ಲಿ ಬೇಕಾಗಿರುವುದು ಶೇ 0–1, 1–3 ಮತ್ತು 3–5ರ ನಡುವಿನ ವ್ಯತ್ಯಾಸ, ಅದು ಆ ದತ್ತಾಂಶದ ದೋಷದಲ್ಲೇ ಮುಳುಗಿಹೋಗುತ್ತದೆ. ಅಬ್ನಿ ಲೆವೆಲ್ ಹಿಡಿದು ಅಳೆಯಿರಿ.

ಬೀದರ್, ಕಲಬುರಗಿ, ಯಾದಗಿರಿಯ ಹಲವು ಕಿರುಜಲಾನಯನಗಳಲ್ಲಿ ಸುಜಲಾ-3 ಯೋಜನೆಯಡಿ ಭೂಸಂಪನ್ಮೂಲ ಸಮೀಕ್ಷೆ ನಡೆದಿದೆ. ನಿಮ್ಮ ಊರಿನದು ಇದ್ದರೆ ಮೊದಲೇ ಓದಿ. ಅದರಲ್ಲಿರುವ ಸರಣಿಯನ್ನೇ ಹೊಸ ಹೆಸರಿನಲ್ಲಿ ಮತ್ತೆ ಬರೆಯುವುದು ವ್ಯರ್ಥ ಶ್ರಮ.

ಹಂತ 2: ಗುಂಡಿಯ ಜಾಗ

ಹೊಲದ ಯಜಮಾನರನ್ನು ಕೇಳದೆ ಜಾಗ ಆರಿಸಬೇಡಿ. ಕೇಳಬೇಕಾದ ಪ್ರಶ್ನೆಗಳು ಸರಳ: ಹಿಂಗಾರಿ ಜೋಳ ಮೊದಲು ಬಾಡುವುದು ಯಾವ ಮೂಲೆಯಲ್ಲಿ? ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ? ತೊಗರಿ ನಿಂತ ನೀರಿಗೆ ಸಾಯುವುದು ಎಲ್ಲಿ? ಕೆರೆಯ ಹೂಳು ಎಲ್ಲಿ ಹಾಕಿದ್ದೀರಿ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಹೂಳು ಹರಡಿದ ಹೊಲದ ಮೇಲ್ಪದರ ಆ ಹೊಲದಲ್ಲಿ ಹುಟ್ಟಿದ್ದಲ್ಲ.

ಬದು, ದಾರಿ, ಹಳೆಯ ಬಾವಿ, ತಿಪ್ಪೆ, ದೊಡ್ಡ ಮರದ ನೆರಳು, ಕಾಲುವೆಯ ಅಂಚು, ಇವುಗಳಿಂದ ದೂರ ಇರಿ. ಸಿಮೆಂಟ್ ಕಾರ್ಖಾನೆಗಳ ಹತ್ತಿರ ದೂಳು ಬೀಳುವ ಹೊಲಗಳನ್ನೂ ಬಿಡಿ. ಮೇಲ್ಪದರದ ಸುಣ್ಣದ ಲೆಕ್ಕ ಕೆಡುತ್ತದೆ.

ಜಾಗ ಗೊತ್ತಾದ ಮೇಲೆ, ಗುದ್ದಲಿ ಮುಟ್ಟುವ ಮೊದಲು, ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ: ಇಲ್ಲಿ ಯಾವ ಮಣ್ಣು ಸಿಗಬಹುದು, ಏಕೆ. ಊಹೆ ತಪ್ಪಾದರೆ ಅಡ್ಡಿಯಿಲ್ಲ. ಅದನ್ನು ಬರೆಯದೆ ಹೋದವರು ಗುಂಡಿಯಲ್ಲಿ ಕಂಡದ್ದನ್ನೆಲ್ಲ ‘ಹೀಗೇ ಇರಬೇಕಿತ್ತು’ ಎಂದುಕೊಳ್ಳುತ್ತಾರೆ.

ಹಂತ 3: ತೋಡುವುದು

ತೊಗರಿ ಕೊಯ್ಲಾದ ಮೇಲೆ, ಜನವರಿ–ಫೆಬ್ರುವರಿ ಒಳ್ಳೆಯ ಕಾಲ. ಬಿರುಕು ಬಿಟ್ಟಿರುತ್ತದೆ, ಕೆಳಪದರದಲ್ಲಿ ಇನ್ನೂ ತುಸು ಹಸಿ ಇರುತ್ತದೆ. ಮಳೆಗಾಲದ ಕೊನೆಯಲ್ಲಿ ಗೋಡೆ ಕುಸಿಯುತ್ತದೆ, ಮೇ ತಿಂಗಳಿನಲ್ಲಿ ಹಾರೆಯೇ ಬಗ್ಗುತ್ತದೆ.

ತೋಡುವ ಮೊದಲೇ ಬಿರುಕುಗಳ ಅಗಲ ಅಳೆದು, ತೆಳುವಾದ ತಂತಿ ಇಳಿಬಿಟ್ಟು ಆಳ ಬರೆದುಕೊಳ್ಳಿ. ತೋಡಿದ ಮೇಲೆ ಈ ಮಾಹಿತಿ ಎಲ್ಲಿಂದಲೂ ಸಿಗುವುದಿಲ್ಲ, ಆದರೆ ವರ್ಗೀಕರಣಕ್ಕೆ (ಇಲ್ಲಿ ಬಳಸುವುದು ಅಮೆರಿಕದ ‘ಸಾಯಿಲ್ ಟ್ಯಾಕ್ಸಾನಮಿ’ ಪದ್ಧತಿ) ಅದು ಬೇಕೇ ಬೇಕು.

ಉದ್ದ 2 ಮೀಟರ್, ಅಗಲ 1 ಮೀಟರ್, ಆಳ 2 ಮೀಟರ್ ಅಥವಾ ಗಟ್ಟಿ ಕಲ್ಲು ತಾಗುವವರೆಗೆ. ನೋಡಬೇಕಾದ ಗೋಡೆಗೆ ಬಿಸಿಲು ಬೀಳುವಂತಿರಲಿ. ಆ ಬದಿಯ ಮೇಲೆ ಮಣ್ಣು ಸುರಿಯಬೇಡಿ, ಯಾರೂ ತುಳಿಯಬಾರದು.

ಎಚ್ಚರಿಕೆ: ಎರೆ ಮಣ್ಣಿನ ಗೋಡೆ ಒಳಗಿನ ಜಾರುಮೈಗಳ ಗುಂಟ ಸೂಚನೆ ಕೊಡದೆ ಕಳಚಿ ಬೀಳುತ್ತದೆ. ಒಂದು ಬದಿಗೆ ಮೆಟ್ಟಿಲು ಕಡಿಯಿರಿ, ಅಗೆದ ಮಣ್ಣನ್ನು ಅಂಚಿನಿಂದ ಒಂದು ಮೀಟರ್ ಆಚೆ ಹಾಕಿ, ಒಬ್ಬರೇ ಒಳಗೆ ಇಳಿಯಬೇಡಿ. ಗೋಡೆಯ ತಲೆಯಲ್ಲಿ ಹೊಸ ಬಿರುಕು ಕಂಡರೆ ಕೆಲಸ ಅರ್ಧದಲ್ಲಿದ್ದರೂ ಮೇಲೆ ಬನ್ನಿ. ಸಂಜೆಯೊಳಗೆ ಮುಚ್ಚಲು ಆಗದಿದ್ದರೆ ಮುಳ್ಳುಬೇಲಿ ಹಾಕಿ. ರಾತ್ರಿ ದನ ಬೀಳುವುದು ಅಪರೂಪವೇನಲ್ಲ.

ಹಂತ 4: ಗೋಡೆಯ ವಿವರಣೆ

ಇಲ್ಲಿ ಆತುರ ಮಾಡಬೇಡಿ. ಇಡೀ ಕೆಲಸದ ತೂಕ ಈ ಹಂತದ ಮೇಲೆ ನಿಂತಿದೆ.

ಸಲಿಕೆಯಿಂದ ನುಣ್ಣಗೆ ಕೆರೆದ ಗೋಡೆಯನ್ನು ನೋಡಿ ವಿವರಣೆ ಬರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹಸಿ ಎರೆಗೆ ಸಲಿಕೆ ತಾಗಿದರೆ ಹೊಳಪು ಬರುತ್ತದೆ, ಅದನ್ನೇ ಸ್ಲಿಕನ್‌ಸೈಡ್ (ಜಾರುಮೈ) ಎಂದು ಬರೆದುಬಿಡುತ್ತಾರೆ. ನಿಜವಾದ ಸ್ಲಿಕನ್‌ಸೈಡ್ ಮಣ್ಣು ಉಬ್ಬಿ ಕುಗ್ಗುವಾಗ ಒಂದು ಹೆಂಟೆ ಇನ್ನೊಂದರ ಮೇಲೆ ಜಾರಿ ಉಜ್ಜಿದ ಗುರುತು. ಅದು ಓರೆಯಾಗಿರುತ್ತದೆ, ಮೈಮೇಲೆ ಸಣ್ಣ ಗೀರುಗಳಿರುತ್ತವೆ, ಕೈಯಿಂದ ಹೆಂಟೆ ಒಡೆದಾಗ ಒಳಗಿನಿಂದ ಹೊರಬರುತ್ತದೆ. ಸಲಿಕೆಯ ಹೊಳಪು ಗೋಡೆಯ ಮೈಗಷ್ಟೇ ಸೀಮಿತ. ಆದ್ದರಿಂದ ಚಾಕುವಿನ ತುದಿಯಿಂದ ಗೋಡೆಯನ್ನು ಕಿತ್ತು ಕಿತ್ತು ಒರಟಾಗಿಸಿ, ಆಮೇಲೆ ನೋಡಿ.

ಎರೆಯಲ್ಲಿ ಪದರಗಳ ಗಡಿ ಬಣ್ಣದಿಂದ ಸಿಗುವುದಿಲ್ಲ. ಮೇಲಿನಿಂದ ಕೆಳಗೆ ಒಂದೂವರೆ ಮೀಟರ್ 10 ವೈಆರ್ 3/1 ಬಣ್ಣವೇ (ಮನ್ಸೆಲ್ ಪುಸ್ತಕದ ಕಡುಬೂದು) ಇರಬಹುದು. ಗಡಿ ಹುಡುಕಬೇಕಾದದ್ದು ರಚನೆ, ಸ್ಲಿಕನ್‌ಸೈಡ್ ಮತ್ತು ಸುಣ್ಣದಲ್ಲಿ. ಪದರಗಳಿಗೆ ಕೊಡುವ ಸಂಕೇತ ಹೀಗೆ: ಉಳುಮೆಯ ಪದರ ಎಪಿ (Ap); ಅದರ ಕೆಳಗೆ ಮೂಲೆಗಳುಳ್ಳ ಗಟ್ಟಿ ಹೆಂಟೆಗಳು ಇದ್ದು ಜಾರುಮೈ ಇಲ್ಲದಿದ್ದರೆ ಬಿಡಬ್ಲ್ಯೂ (Bw); ಓರೆ ಬೆಣೆಯಾಕಾರದ ಹೆಂಟೆಗಳು ಶುರುವಾದಲ್ಲಿಂದ ಬಿಎಸ್‌ಎಸ್; ಕೆಳಗೆ ಸುಣ್ಣ ಬೆರೆತದ್ದು ಸಿಕೆ (Ck), ಕೊಳೆತ ಕಲ್ಲು ಸಿಆರ್ (Cr). ಬೆಣೆಯ ಓರೆಯನ್ನು ಕೋನಮಾಪಕದಿಂದ ಅಳೆಯಿರಿ: ಸಮತಲದಿಂದ 10ರಿಂದ 60 ಡಿಗ್ರಿ ನಡುವೆ ಇರಬೇಕು.

ಸುಣ್ಣದ ಬಗ್ಗೆ ಎರಡು ಮಾತು. ಆಮ್ಲದ ಹನಿಯನ್ನು ಹರಳಿನ ಮೇಲೆ ಹಾಕಿ ‘ತೀವ್ರ ನೊರೆ’ ಎಂದು ಬರೆದರೆ ಅರ್ಥವಿಲ್ಲ. ಹರಳು ಸುಣ್ಣದ್ದೇ, ನೊರೆ ಬಂದೇ ಬರುತ್ತದೆ. ಮಣ್ಣಿನ ಮೇಲೆ ಬೇರೆ, ಹರಳಿನ ಮೇಲೆ ಬೇರೆ ಹನಿಸಿ, ಎರಡನ್ನೂ ದಾಖಲಿಸಿ. ಹಾಗೆಯೇ ಮೆತ್ತಗಿನ ಬಿಳಿ ಪುಡಿಯ ಮಚ್ಚೆ ಅಲ್ಲಿಯೇ ಹುಟ್ಟಿದ ಸುಣ್ಣ; ಗಟ್ಟಿಯಾದ, ಮೈ ಸವೆದ ಉರುಟು ಹರಳು ಹಳ್ಳದ ನೀರಿನ ಜತೆ ಬೇರೆಲ್ಲಿಂದಲೋ ಬಂದಿರಬಹುದು. ಪದರದ ಹೆಸರಿಗೆ ಸುಣ್ಣದ ಗುರುತು ಸೇರಿಸುವುದು ಮೊದಲನೆಯದನ್ನು ನೋಡಿ.

ಪರ್ಸಿ ಸೀಮೆಯಲ್ಲಿ ಇನ್ನೊಂದು ಪ್ರಶ್ನೆ ಕಾಯುತ್ತಿರುತ್ತದೆ: ಸುಣ್ಣಕಲ್ಲಿನ ಮೇಲಿರುವ ಎರೆ ಆ ಕಲ್ಲಿನಿಂದಲೇ ಹುಟ್ಟಿದ್ದೋ, ಬಸಾಲ್ಟ್ ನೆಲದಿಂದ ಹರಿದು ಬಂದು ನೆಲೆ ನಿಂತದ್ದೋ? ಎರಡೂ ಆಗಬಹುದು, ಎರಡೂ ಒಂದೇ ಗೋಡೆಯಲ್ಲಿ ಇರಬಹುದು. ಪದರಗಳ ನಡುವೆ ಉರುಟು ಕಲ್ಲಿನ ಸಾಲು, ಗಡಿಯ ಥಟ್ಟನೆಯ ಬದಲಾವಣೆ, ಮೇಲೆ ಬಸಾಲ್ಟ್ ಚೂರು, ಕೆಳಗೆ ಹಾಸುಗಲ್ಲಿನ ಚೂರು, ಇಂಥ ಸುಳಿವು ಕಂಡಲ್ಲಿ ಗುರುತು ಹಾಕಿ. ಉತ್ತರ ಲ್ಯಾಬಿನಲ್ಲಿ ಸಿಗುತ್ತದೆ, ಪ್ರಶ್ನೆ ಗುಂಡಿಯಲ್ಲೇ ಕೇಳಿರಬೇಕು.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುವ ಸುರಪುರ, ಶಹಾಪುರ, ಜೇವರ್ಗಿ ಕಡೆ ಕೆಳಪದರದ ಬೂದು ಮಚ್ಚೆ, ಗೋಡೆ ಒಣಗಿದಂತೆ ಮೂಡುವ ಬಿಳಿ ಉಪ್ಪು, ಜಿನುಗು ನೀರಿನ ಆಳ ಇವನ್ನು ತಪ್ಪದೆ ಬರೆಯಿರಿ. ಸವಳು ನೀರಾವರಿಯಿಂದ ಬಂದದ್ದೋ ಮೊದಲಿನಿಂದ ಇದ್ದದ್ದೋ ಎಂಬುದನ್ನು ತಿಳಿಯಲು ಪಕ್ಕದ ಮಳೆಯಾಶ್ರಿತ ಹೊಲದಲ್ಲಿ ಇನ್ನೊಂದು ಗುಂಡಿ ಬೇಕು.

ಹಂತ 5: ಮಾದರಿ

ಕೆಳಪದರದಿಂದ ಶುರುಮಾಡಿ ಮೇಲಕ್ಕೆ ಬನ್ನಿ, ಇಲ್ಲದಿದ್ದರೆ ಮೇಲಿನ ಮಣ್ಣು ಉದುರಿ ಕೆಳಗಿನದರಲ್ಲಿ ಬೆರೆಯುತ್ತದೆ. ಪ್ರತಿ ಪದರದಿಂದ ಒಂದೆರಡು ಕೆ.ಜಿ. ಮಣ್ಣು, ಜತೆಗೆ ಒಡೆಯದ ಮೂರು ಹೆಂಟೆ. ಚೀಟಿ ಚೀಲದ ಒಳಗೂ ಹೊರಗೂ ಇರಲಿ.

ನೆರಳಿನಲ್ಲಿ ಒಣಗಿಸಿ, ಮರದ ಕೊಡತಿಯಿಂದ ಮೆಲ್ಲಗೆ ಬಡಿದು 2 ಮಿ.ಮೀ. ಜರಡಿ ಹಿಡಿಯಿರಿ. ಮೆಲ್ಲಗೆ ಎಂಬುದಕ್ಕೆ ಒತ್ತು ಕೊಡುತ್ತೇನೆ. ಸುಣ್ಣದ ಹರಳನ್ನೂ ಸೇರಿಸಿ ಕುಟ್ಟಿದರೆ ಅದು ಪುಡಿಯಾಗಿ ಜರಡಿ ದಾಟುತ್ತದೆ. ಸುಣ್ಣದ ಶೇಕಡಾವಾರು ಏರುತ್ತದೆ, ಜೇಡಿಯದು ಇಳಿಯುತ್ತದೆ, ನಿಮ್ಮ ಸರಣಿ ಬೇರೆಯೇ ವರ್ಗಕ್ಕೆ ಜಾರುತ್ತದೆ. ಜರಡಿಯಲ್ಲಿ ಉಳಿದದ್ದನ್ನು ಎಸೆಯಬೇಡಿ, ತೂಗಿ ಬರೆಯಿರಿ.

ಹಂತ 6: ಪ್ರಯೋಗಾಲಯ

ಪರೀಕ್ಷೆಗಳ ಪಟ್ಟಿ ಎಲ್ಲರಿಗೂ ಗೊತ್ತಿದೆ. ಅವು ಎಲ್ಲಿ ಮೋಸ ಮಾಡುತ್ತವೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಕಣಗಾತ್ರ. ಪಿಪೆಟ್ ವಿಧಾನಕ್ಕೆ ಮೊದಲು ಸಾವಯವ ಅಂಶವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ, ಸುಣ್ಣವನ್ನು ದುರ್ಬಲ ಆಮ್ಲದಿಂದ ತೆಗೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್‌ನಲ್ಲಿ ಕಣಗಳನ್ನು ಬಿಡಿಸಬೇಕು. ಸುಣ್ಣ ತೆಗೆದಿರೋ ಇಲ್ಲವೋ ಎಂಬುದನ್ನು ಕೋಷ್ಟಕದ ಕೆಳಗೆ ಬರೆಯದಿದ್ದರೆ ಆ ಅಂಕಿಯನ್ನು ಇನ್ನೊಂದು ವರದಿಯ ಜತೆ ಹೋಲಿಸಲಾಗದು. ಕಣಗಳು ಪೂರ್ತಿ ಬಿಡಿಸಿಕೊಂಡಿವೆಯೇ? 1500 ಕಿಲೋಪಾಸ್ಕಲ್ ಒತ್ತಡದಲ್ಲಿ (ಬೆಳೆ ಬಾಡುವ ಹಂತದಲ್ಲಿ) ಉಳಿಯುವ ನೀರಿನ ಶೇಕಡಾವಾರನ್ನು ಜೇಡಿಯ ಶೇಕಡಾವಾರಿನಿಂದ ಭಾಗಿಸಿ. ಸಾಮಾನ್ಯವಾಗಿ 0.4ರ ಆಸುಪಾಸು ಬರುತ್ತದೆ, 0.6 ದಾಟಿದರೆ ಜೇಡಿ ಕಡಿಮೆ ಲೆಕ್ಕಕ್ಕೆ ಬಂದಿದೆ ಎಂದು ಅನುಮಾನಿಸಿ. ಕಬ್ಬಿಣದ ಆಕ್ಸೈಡ್ ಕಣಗಳನ್ನು ಅಂಟಿಸಿಡುವ ಬೀದರ್‌ನ ಲ್ಯಾಟರೈಟ್ ಮಣ್ಣಿನಲ್ಲಿ ಇದನ್ನು ನೋಡಲೇಬೇಕು.

ಪರ್ಸಿ ಸೀಮೆಯ ಪ್ರಶ್ನೆಗೆ ಉತ್ತರವೂ ಇದೇ ಕೋಷ್ಟಕದಲ್ಲಿದೆ. ಜೇಡಿಯನ್ನು ಬಿಟ್ಟು ಮರಳು ಮತ್ತು ರೇವೆಯ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣಗಳ) ಅನುಪಾತವನ್ನು ಪದರದಿಂದ ಪದರಕ್ಕೆ ಲೆಕ್ಕ ಹಾಕಿ. ಅದು ನಿಧಾನವಾಗಿ ಬದಲಾದರೆ ಒಂದೇ ಮೂಲ ಇರಬಹುದು. ಗುಂಡಿಯಲ್ಲಿ ಗುರುತು ಹಾಕಿದ ಗಡಿಯಲ್ಲೇ ಥಟ್ಟನೆ ಜಿಗಿದರೆ ಕೆಳಗಿನದು ಬೇರೆ ಮೂಲದ್ದು, ಆ ಪದರದ ಹೆಸರಿನ ಮುಂದೆ 2 ಎಂಬ ಅಂಕಿ ಬರಬೇಕು.

ವಿನಿಮಯ ಅಯಾನುಗಳು. ಸುಣ್ಣವಿರುವ ಮಣ್ಣಿಗೆ ಅಮೋನಿಯಂ ಅಸಿಟೇಟ್ ಸುರಿದರೆ ಸುಣ್ಣವೂ ಕರಗಿ ಬರುತ್ತದೆ. ಹಾಗಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂಗಳ ಮೊತ್ತ ವಿನಿಮಯ ಸಾಮರ್ಥ್ಯವನ್ನೇ, ಅಂದರೆ ಮಣ್ಣಿನ ಕಣಗಳು ಹಿಡಿದಿಡಬಲ್ಲ ಒಟ್ಟು ಪ್ರಮಾಣವನ್ನೇ, ಮೀರುತ್ತದೆ. ಪ್ರತ್ಯಾಮ್ಲ ಪರ್ಯಾಪ್ತತೆ (ಆ ಸಾಮರ್ಥ್ಯದಲ್ಲಿ ಈ ನಾಲ್ಕರ ಪಾಲು) ಶೇ 130 ಎಂದು ಅಚ್ಚಾದ ಕೋಷ್ಟಕ ನೋಡಿದರೆ ಅದು ಮಣ್ಣಿನ ಗುಣವಲ್ಲ, ವಿಧಾನದ ದೋಷ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಟ್ರೈಎಥನಾಲಮೈನ್ ಬೆರೆಸಿದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಳಸಲು ಹೇಳಿ. ಸವಳು ಮಣ್ಣಾದರೆ ಕರಗುವ ಉಪ್ಪನ್ನು ಮೊದಲು ತೊಳೆಯಬೇಕು, ಇಲ್ಲವೇ ಪ್ರತ್ಯೇಕ ಅಳೆದು ಕಳೆಯಬೇಕು.

ರಸಸಾರ (ಪಿಎಚ್). ಸುಣ್ಣ ಒಂದರಿಂದಲೇ ಅದು 8.2–8.4ರವರೆಗೆ ಹೋಗುತ್ತದೆ. 8.5 ದಾಟಿದರೆ ಸೋಡಿಯಂ ನೋಡಿ. ವಿನಿಮಯ ಸೋಡಿಯಂ 6, ವಿನಿಮಯ ಸಾಮರ್ಥ್ಯ 50 ಇದ್ದರೆ ಶೇ 12. ಶೇ 15 ಮುಟ್ಟಿದರೆ ವರ್ಗದ ಹೆಸರು ಬದಲಾಗುತ್ತದೆ.

ಸಾವಯವ ಇಂಗಾಲ. ಬಣ್ಣ ನೋಡಿ ಅಂದಾಜು ಬೇಡ. ನಮ್ಮ ಕಡುಕಪ್ಪು ಎರೆಯಲ್ಲೂ ಇಂಗಾಲ ಶೇ 1 ಮುಟ್ಟುವುದು ಅಪರೂಪ. ವಾಕ್ಲೆ–ಬ್ಲ್ಯಾಕ್ ವಿಧಾನದಲ್ಲಿ ಕ್ಲೋರೈಡ್ ಇದ್ದರೆ ಇಂಗಾಲ ಹೆಚ್ಚು ತೋರುತ್ತದೆ, ಸವಳು ಮಾದರಿಗಳಲ್ಲಿ ಎಚ್ಚರ.

ಸಾಂದ್ರತೆ ಮತ್ತು ಉಬ್ಬು. ಉಂಗುರದಿಂದ ತೆಗೆದ ಒಂದೇ ಸಾಂದ್ರತೆ ಎರೆಗೆ ಸಾಲದು, ತೇವ ಬದಲಾದಂತೆ ಅದೂ ಬದಲಾಗುತ್ತದೆ. ಹೆಂಟೆಗಳು ಬೇಕಾದದ್ದು ಇದಕ್ಕೇ. 33 ಕಿಲೋಪಾಸ್ಕಲ್‌ನಲ್ಲಿ (ಹೆಚ್ಚಿನ ನೀರು ಬಸಿದುಹೋದ ತೇವದಲ್ಲಿ) ಸಾಂದ್ರತೆ 1.35, ಒಲೆಯಲ್ಲಿ ಒಣಗಿಸಿದ ಮೇಲೆ 1.80 ಬಂದಿತೆನ್ನಿ. 1.80ನ್ನು 1.35ರಿಂದ ಭಾಗಿಸಿ, ಘನಮೂಲ ತೆಗೆದು, ಒಂದು ಕಳೆದರೆ 0.10. ಇದೇ ಬೆಲೆ ಮೀಟರ್ ಆಳದವರೆಗೆ ಇದ್ದರೆ ಒಟ್ಟು ಉಬ್ಬು 10 ಸೆಂ.ಮೀ.; 6 ಸೆಂ.ಮೀ. ದಾಟಿದ ಮಣ್ಣನ್ನು ಉಬ್ಬು–ಕುಗ್ಗಿನ ದೃಷ್ಟಿಯಿಂದ ನೋಡಲೇಬೇಕು.

ಹಂತ 7: ಹವಾಮಾನ

ಕನಿಷ್ಠ 30 ವರ್ಷಗಳ ಮಾಹಿತಿ ತೆಗೆದುಕೊಳ್ಳಿ. ಉಷ್ಣಾಂಶವನ್ನು ಹತ್ತಿರದ ಹವಾಮಾನ ಕೇಂದ್ರದಿಂದ ತಂದರೆ ಸಾಕು. ಮಳೆಯನ್ನು ಮಾತ್ರ ಆ ಹೋಬಳಿಯ ಮಾಪಕದಿಂದಲೇ ತನ್ನಿ. ಬೀದರ್, ಆಳಂದ, ಚಿಂಚೋಳಿ ಕೃಷಿ ಹವಾಮಾನದ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರಿವೆ. ಅಫಜಲಪುರ, ಜೇವರ್ಗಿ, ಸೇಡಂ, ಯಾದಗಿರಿ ಈಶಾನ್ಯ ಒಣ ವಲಯಕ್ಕೆ. ಕಲಬುರಗಿ ನಗರದ ಸರಾಸರಿಯನ್ನು ಔರಾದ್‌ಗೂ ಶಹಾಪುರಕ್ಕೂ ಅಂಟಿಸುವುದು ಸೋಮಾರಿತನ.

ಉಷ್ಣಾಂಶದ ಲೆಕ್ಕದಲ್ಲಿ ತಪ್ಪುವ ಜಾಗ ಒಂದೇ. ವಾರ್ಷಿಕ ಸರಾಸರಿ ಇಲ್ಲಿ 22 ಡಿಗ್ರಿಗಿಂತ ಸಾಕಷ್ಟು ಮೇಲಿದೆ, ಅದರಲ್ಲಿ ವಾದವಿಲ್ಲ. ನೋಡಬೇಕಾದದ್ದು ಬೇಸಿಗೆ ಮತ್ತು ಚಳಿಗಾಲದ ಅಂತರ. ನಾವು ಬೇಸಿಗೆ ಎಂದರೆ ಏಪ್ರಿಲ್–ಮೇ ಎಂದುಕೊಳ್ಳುತ್ತೇವೆ. ವರ್ಗೀಕರಣದ ನಿಯಮದಲ್ಲಿ ಬೇಸಿಗೆ ಜೂನ್, ಜುಲೈ, ಆಗಸ್ಟ್, ಚಳಿಗಾಲ ಡಿಸೆಂಬರ್, ಜನವರಿ, ಫೆಬ್ರುವರಿ. ಮಳೆ ಬಿದ್ದು ಜೂನ್ ನಂತರ ತಂಪಾಗುವುದರಿಂದ 50 ಸೆಂ.ಮೀ. ಆಳದ ಅಂತರ 6 ಡಿಗ್ರಿಯೊಳಗೆ ನಿಲ್ಲುತ್ತದೆ, ಮಣ್ಣು ಐಸೋಹೈಪರ್‌ಥರ್ಮಿಕ್ (ಬಿಸಿ ಹೆಚ್ಚು, ಋತುಗಳ ಅಂತರ ಕಡಿಮೆ) ಆಗುತ್ತದೆ. ಮೇ ತಿಂಗಳನ್ನು ಹಿಡಿದವರು ‘ಐಸೋ’ ಬಿಟ್ಟು ಬರೆಯುತ್ತಾರೆ.

ತೇವದ ಲೆಕ್ಕಕ್ಕೆ ಪದರದ ನೀರಿನ ಧಾರಣೆ ಬೇಕು. 30 ಸೆಂ.ಮೀ. ದಪ್ಪದ ಪದರ, 33 ಕಿಲೋಪಾಸ್ಕಲ್‌ನಲ್ಲಿ ತೂಕದ ಶೇ 38 ನೀರು, 1500ರಲ್ಲಿ ಶೇ 24, ಸಾಂದ್ರತೆ 1.35 ಎಂದಾದರೆ 0.14 × 1.35 × 300 = ಸುಮಾರು 57 ಮಿ.ಮೀ. ಗರಸು ಇದ್ದರೆ ಅದರ ಪಾಲು ಕಳೆಯಿರಿ. ಎಲ್ಲ ಪದರ ಕೂಡಿಸಿ, ಮಳೆ ಮತ್ತು ಆವಿಯಾಗುವ ನೀರಿನ ಜತೆ ವಾರದ ಲೆಕ್ಕದಲ್ಲಿ ಓಡಿಸಿ. ತಿಂಗಳ ಲೆಕ್ಕ ಜುಲೈ–ಆಗಸ್ಟ್‌ನ ನಡುವೆ ಬರುವ ಮಳೆಯ ಬಿಡುವನ್ನು ಮುಚ್ಚಿಹಾಕುತ್ತದೆ. ಕಲಬುರಗಿ ಕಡೆ ಸೆಪ್ಟೆಂಬರ್‌ನಲ್ಲಿ ಬೀಳುವ ದೊಡ್ಡ ಮಳೆಯೇ ಹಿಂಗಾರಿ ಜೋಳಕ್ಕೆ ನೀರು ಕೂಡಿಡುವುದರಿಂದ ಆ ವಾರಗಳ ಅಂಕಿಗಳು ಸರಿಯಿರಬೇಕು.

ಮಳೆ ಆವಿಯಾಗುವಿಕೆಯ ಅರ್ಧವನ್ನು ಮೀರಿದ ದಿನದಿಂದ ಬೆಳೆ ಅವಧಿ ಎಣಿಸಿ, ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ನೀರು ಮುಗಿಯುವವರೆಗೆ ಸೇರಿಸಿ. ಒಂದೇ ಹೋಬಳಿಯಲ್ಲಿ ಮಡ್ಡಿಗೂ ಎರೆಗೂ ಈ ಅವಧಿ ಒಂದೇ ಬಂದರೆ ಧಾರಣೆಯನ್ನು ಲೆಕ್ಕಕ್ಕೆ ಸೇರಿಸಿಲ್ಲ ಎಂದರ್ಥ.

ಹಂತ 8: ಮೂರನ್ನೂ ಎದುರುಬದುರು ಇಡುವುದು

ಈಗ ಹಂತ 2ರಲ್ಲಿ ಬರೆದ ಎರಡು ಸಾಲು ತೆಗೆಯಿರಿ. ಗೋಡೆಯ ವಿವರಣೆ, ಲ್ಯಾಬಿನ ಅಂಕಿ, ಹವಾಮಾನ ಒಂದೇ ಮಾತು ಹೇಳುತ್ತಿವೆಯೇ?

ಹೇಳದಿರುವ ಕೆಲವು ಲಕ್ಷಣಗಳು: ಗೋಡೆಯಲ್ಲಿ ಸ್ಪಷ್ಟ ಸ್ಲಿಕನ್‌ಸೈಡ್, ಲ್ಯಾಬಿನಲ್ಲಿ ಜೇಡಿ ಶೇ 28. ವಿನಿಮಯ ಸಾಮರ್ಥ್ಯವನ್ನು ಜೇಡಿಯಿಂದ ಭಾಗಿಸಿದರೆ 0.3, ಆದರೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು. ದಿಣ್ಣೆಯ ನೆತ್ತಿಯಲ್ಲಿ ಎರಡು ಮೀಟರ್ ಎರೆ. ಇಂಥಲ್ಲಿ ಮಾದರಿಯನ್ನು ಮರುಪರೀಕ್ಷೆಗೆ ಕಳಿಸಿ, ಅದೂ ಸರಿಯೆಂದಾದರೆ ಹೊಲಕ್ಕೆ ಮರಳಿ. ಸರಾಸರಿ ಮಾಡಿ ಮುಚ್ಚಬೇಡಿ.

ವರ್ಟಿಸಾಲ್ (ಉಬ್ಬಿ ಕುಗ್ಗಿ ಬಿರುಕು ಬಿಡುವ ಜೇಡಿ ಮಣ್ಣಿನ ವರ್ಗ) ಎನ್ನಲು ಮೇಲಿನ 100 ಸೆಂ.ಮೀ.ಯೊಳಗೆ ಶುರುವಾಗುವ, ಕನಿಷ್ಠ 25 ಸೆಂ.ಮೀ. ದಪ್ಪದ ಸ್ಲಿಕನ್‌ಸೈಡ್ ಅಥವಾ ಬೆಣೆ ಹೆಂಟೆಯ ಪದರ, ಮೇಲ್ಪದರದಿಂದ 50 ಸೆಂ.ಮೀ.ವರೆಗೆ ಶೇ 30 ಅಥವಾ ಹೆಚ್ಚು ಜೇಡಿ, ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು, ಮೂರೂ ಬೇಕು. ಬಿರುಕು ಇದ್ದು ಉಳಿದದ್ದು ಸಾಲದಿದ್ದರೆ ಅದು ವರ್ಟಿಕ್ ಗುಣದ ಇನ್‌ಸೆಪ್ಟಿಸಾಲ್ (ಪದರಗಳು ಇನ್ನೂ ಪೂರ್ತಿ ಬೆಳೆಯದ ಮಣ್ಣು) ಆಗಬಹುದು. ಮಧ್ಯಮ ಆಳದ ನೆಲದಲ್ಲಿ ಇದು ಸಾಮಾನ್ಯ. ಟ್ರಾಪ್ ಸೀಮೆಯ ಆಳವಾದ ಎರೆಗೆ ಹೆಚ್ಚಾಗಿ ಬರುವ ಹೆಸರು ಫೈನ್ ಅಥವಾ ವೆರಿ ಫೈನ್ (ಜೇಡಿಯ ಪ್ರಮಾಣ), ಸ್ಮೆಕ್ಟಿಟಿಕ್ (ಉಬ್ಬುವ ಜೇಡಿ ಖನಿಜ), ಐಸೋಹೈಪರ್‌ಥರ್ಮಿಕ್, ಟೈಪಿಕ್ ಹ್ಯಾಪ್ಲಸ್ಟರ್ಟ್ಸ್ (ವರ್ಟಿಸಾಲ್ ಒಳಗಿನ ಒಂದು ಉಪಗುಂಪು). ಜೇಡಿ ಶೇ 60 ಆದಲ್ಲಿಂದ ವೆರಿ ಫೈನ್. ಸ್ಮೆಕ್ಟಿಟಿಕ್ ಎಂದು ಬರೆಯಲು ಎಕ್ಸ್‌ರೇ ಪರೀಕ್ಷೆ ಬೇಕು, ವಿನಿಮಯ ಸಾಮರ್ಥ್ಯ–ಜೇಡಿ ಅನುಪಾತ 0.7 ದಾಟಿದ್ದು ಸುಳಿವು ಮಾತ್ರ.

ಹಂತ 9: ವ್ಯಾಪ್ತಿ, ನೆರೆ, ಹೆಸರು

ಒಂದು ಗುಂಡಿ ಸರಣಿಯ ಪ್ರತಿನಿಧಿ ಆಗಬಹುದು, ಸರಣಿ ಆಗುವುದಿಲ್ಲ. ಅದೇ ಭೂರೂಪದ ಇತರ ಜಾಗಗಳಲ್ಲಿ ಸಣ್ಣ ಗುಂಡಿ, ಬಾವಿಯ ಗೋಡೆ, ರಸ್ತೆ ಕಡಿತಗಳನ್ನು ನೋಡಿ ಪ್ರತಿ ಗುಣಕ್ಕೆ ಕನಿಷ್ಠ ಮತ್ತು ಗರಿಷ್ಠ ಬರೆಯಿರಿ: ಆಳ, ಜೇಡಿ, ಸುಣ್ಣ, ಸ್ಲಿಕನ್‌ಸೈಡ್ ಶುರುವಾಗುವ ಆಳ, ಬಣ್ಣ.

ಇಳಿಜಾರು, ಸವಕಳಿ, ಮೇಲ್ಮೈ ಗರಸು, ಮೇಲ್ಪದರದ ಕಣಗಾತ್ರ ಬೇರೆಯಾದ ಮಾತ್ರಕ್ಕೆ ಹೊಸ ಸರಣಿ ಮಾಡಬೇಡಿ. ಅವೆಲ್ಲ ಸರಣಿಯೊಳಗಿನ ಹಂತಭೇದಗಳು, ನಕ್ಷೆಯಲ್ಲಿ ಹಾಗೆಯೇ ತೋರಿಸಿ. ಇದಕ್ಕೆ ಪ್ರತಿಯಾಗಿ ಆಳದ ವರ್ಗ ಬದಲಾದರೆ, ಅಂದರೆ 100–150 ಸೆಂ.ಮೀ. ಇದ್ದದ್ದು 50–75ಕ್ಕೆ ಬಂದರೆ, ಅದನ್ನು ಹಂತಭೇದವೆಂದು ನುಂಗಿಹಾಕುವುದೂ ತಪ್ಪು.

ಹತ್ತಿರದ ಸರಣಿಗಳನ್ನು ಹೆಸರಿಸಿ, ಪ್ರತಿಯೊಂದರಿಂದ ನಿಮ್ಮದು ಬೇರೆಯಾಗುವ ಒಂದು ಅಳೆಯಬಹುದಾದ ಗುಣ ಬರೆಯಿರಿ. ‘ಹೆಚ್ಚು ಫಲವತ್ತಾದ’ ಎಂಬುದು ಅಳತೆಯಲ್ಲ. ಅಂಥ ಗುಣ ಸಿಗದಿದ್ದರೆ ನಿಮ್ಮದು ಹೊಸ ಸರಣಿಯಲ್ಲ, ಹಳೆಯದರ ವ್ಯಾಪ್ತಿಯನ್ನು ತುಸು ಹಿಗ್ಗಿಸಿದರೆ ಸಾಕು.

ಹೆಸರು ಮೊದಲು ವಿವರಿಸಿದ ಊರಿನದು. ಅದೇ ಹೆಸರು ಬೇರೆ ಸರಣಿಗೆ ಈಗಾಗಲೇ ಇದೆಯೇ ಎಂದು ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ, ತಾಳೆ ನೋಡುವುದಕ್ಕೂ ಅಲ್ಲಿಗೇ ಕಳಿಸಿ. ಕಳಿಸುವ ಕಡತದಲ್ಲಿ ಗೋಡೆಯ ಚಿತ್ರ, ಸುತ್ತಲಿನ ನೆಲದ ಚಿತ್ರ, ಅಕ್ಷಾಂಶ–ರೇಖಾಂಶ, ಪ್ರತಿ ಪರೀಕ್ಷೆಯ ವಿಧಾನ, ಮಳೆ ಮಾಪಕದ ಹೆಸರು ಇರಲಿ. ಪ್ರತಿ ಪದರದ ಅರ್ಧ ಕೆ.ಜಿ. ಮಣ್ಣನ್ನು ಮುಚ್ಚಳದ ಡಬ್ಬಿಯಲ್ಲಿ ನಿಮ್ಮಲ್ಲೇ ಇಟ್ಟುಕೊಳ್ಳಿ. ತಾಳೆ ನೋಡುವವರು ಸುಣ್ಣ ಅಥವಾ ಜೇಡಿಯ ಅಂಕಿಯನ್ನು ಪ್ರಶ್ನಿಸಿದಾಗ ಮತ್ತೆ ಪರೀಕ್ಷಿಸಬೇಕಾಗುವುದು ಅದನ್ನೇ.